ಕರೆಂಟು ಹೋಗುವ ಆ ಇಪ್ಪತ್ತು ಮಿಲಿಸೆಕೆಂಡು: ಮೋಟಾರ್ ಡ್ರೈವ್ ಇಂಟರ್‌ಫೇಸ್ ಬೋರ್ಡಿಗೆ ಲಾಜಿಕ್ ಸಪ್ಲೈ ವಿನ್ಯಾಸ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲು. ಬಕೆಟ್ ಎಲಿವೇಟರಿನ ಬುಡದಲ್ಲಿ ತೊಗರಿ ಕಟ್ಟಿಕೊಂಡಿತ್ತು, ಕರೆಂಟೂ ಹೋಗಿತ್ತು. ಕೆಲಸದವನೊಬ್ಬ ಮುಚ್ಚಳ ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ ಕಾಳು ಬಾಚಿ ಹೊರಗೆ ಹಾಕುತ್ತಿದ್ದ. ಅಷ್ಟರಲ್ಲಿ ಕರೆಂಟು ಬಂತು. ಪ್ಯಾನೆಲಿನೊಳಗೆ ನಾನು ಕೂರಿಸಿದ್ದ ಬೋರ್ಡಿನ ರಿಲೇ ಒಮ್ಮೆ ಟಕ್ ಎಂದು ಕೂಡಿ, ಮರುಕ್ಷಣವೇ ಬಿಟ್ಟುಕೊಂಡಿತು. ಮೋಟಾರನ್ನು ಓಡಿಸಿ ಅದರ ವೇಗ ನಿಯಂತ್ರಿಸುವ ಡ್ರೈವ್ ಇನ್ನೂ ಎಚ್ಚರಗೊಂಡಿರಲಿಲ್ಲವಾದ್ದರಿಂದ ಮೋಟಾರ್ ಅಲುಗಲಿಲ್ಲ. ಕೆಲಸದವನಿಗೆ ಆ ಸದ್ದು ಕೇಳಿಸಲೂ ಇಲ್ಲ. ನನಗೆ ಕೇಳಿಸಿತು.

ಅಂದಿನಿಂದ ಲಾಜಿಕ್ ಸಪ್ಲೈ (ಬೋರ್ಡಿನ ಚಿಪ್ಪುಗಳಿಗೆ ಕರೆಂಟು ಒದಗಿಸುವ ಭಾಗ) ಎಂದರೆ 24 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಕೆಲಸ ಎಂದು ನಾನು ಭಾವಿಸುವುದನ್ನು ಬಿಟ್ಟೆ. 5 ವೋಲ್ಟ್ ಕೊಡುವುದು ಯಾರಿಗಾದರೂ ಬರುತ್ತದೆ. ಕೊಡಲಾಗದ ಹೊತ್ತಿನಲ್ಲಿ ಬೋರ್ಡು ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿಯೇ ವಿನ್ಯಾಸವಿದೆ. ಈ ಬರಹದಲ್ಲಿ ಅಂಥ ಒಂದು ಸಪ್ಲೈಯನ್ನು ಲೆಕ್ಕದ ಸಮೇತ, ಮೊದಲಿಂದ ಕೊನೆಯವರೆಗೆ ಕಟ್ಟೋಣ.

ನಮ್ಮ ಬೋರ್ಡು ಸಾಧಾರಣದ್ದು: ಒಂದು ಮೈಕ್ರೋಕಂಟ್ರೋಲರ್, ಡ್ರೈವ್‌ನೊಂದಿಗೆ ಮಾತನಾಡಲು ಆರ್‌ಎಸ್-485 ಎಂಬ ತಂತಿ ಸಂಪರ್ಕ, ರನ್ ಮತ್ತು ರಿಸೆಟ್ ಆದೇಶ ಕೊಡಲು ನಾಲ್ಕು ರಿಲೇ, ವೇಗ ಅಳೆಯಲು 5 ವೋಲ್ಟಿನ ಒಂದು ಎನ್‌ಕೋಡರ್, ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆರು ಆಪ್ಟೋಕಪ್ಲರ್, ವೇಗ ಹೇಳಲು 0-10 ವೋಲ್ಟಿನ ಒಂದು ಅನಲಾಗ್ ಹೊರಹರಿವು. ಮೇನ್ಸನ್ನು ಡಿಸಿಯಾಗಿಸುವ ಪ್ಯಾನೆಲಿನ ಎಸ್‌ಎಂಪಿಎಸ್‌ನಿಂದ 24 ವೋಲ್ಟ್ ಡಿಸಿ ಬರುತ್ತದೆ. ಡ್ರೈವ್ 415 ವೋಲ್ಟಿನ ಮೂರು ಫೇಸಿನದು.

ಹಂತ 1: ಕಾಗದದ ಮೇಲೆ ಕರೆಂಟಿನ ಜಮಾಖರ್ಚು

ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಕಾಗದ ತೆಗೆದುಕೊಳ್ಳಿ. ಪ್ರತಿ ಭಾಗ ಎಷ್ಟು ಕರೆಂಟು ತಿನ್ನುತ್ತದೆ ಎಂದು ಬರೆಯಿರಿ. ಸರಾಸರಿ ಬೇಡ, ಹೆಚ್ಚೆಂದರೆ ಎಷ್ಟು ಎಂಬುದು ಬೇಕು.

3.3 ವೋಲ್ಟಿನ ಮೇಲೆ ಕಂಟ್ರೋಲರಿಗೆ 50 ಮಿಲಿಆಂಪ್, ಆರ್‌ಎಸ್-485 ಚಿಪ್ಪಿಗೆ 60, ಡಿಸ್‌ಪ್ಲೇ ಮತ್ತು ಎಲ್‌ಇಡಿಗಳಿಗೆ 40. ಒಟ್ಟು 150. ಆರ್‌ಎಸ್-485 ಚಿಪ್ಪು ಸುಮ್ಮನಿದ್ದಾಗ ಒಂದೆರಡು ಮಿಲಿಆಂಪ್ ಸಾಕು, ಆದರೆ ತಂತಿಯ ಎರಡೂ ತುದಿಗೆ 120 ಓಮ್ ಹಾಕಿದ ಮೇಲೆ ಅದು 60 ಓಮ್ ಹೊರೆಯನ್ನು ತಳ್ಳಬೇಕು. ಈ ಹೊರೆಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

5 ವೋಲ್ಟಿನ ಮೇಲೆ ಎನ್‌ಕೋಡರಿಗೆ 150, ಆಪ್ಟೋಗಳಿಗೆ ತಲಾ 10ರಂತೆ 60, ಅನಲಾಗ್ ಭಾಗದ ಪ್ರತ್ಯೇಕಿತ ಡಿಸಿ-ಡಿಸಿ ಮಾಡ್ಯೂಲಿಗೆ 100, ಕೆಳಗಿನ 3.3 ವೋಲ್ಟಿನ ರೆಗ್ಯುಲೇಟರಿಗೆ 150. ಒಟ್ಟು 460 ಮಿಲಿಆಂಪ್. ನಾಳೆ ಮಿಲ್ಲಿನವರು ಮೊಬೈಲಿಗೆ ಸಂದೇಶ ಬರುವಂತೆ ಮಾಡಿ ಎನ್ನುತ್ತಾರೆ, ನೀವು ವೈಫೈ ಚಿಪ್ಪು ಸೇರಿಸುತ್ತೀರಿ. ಇಎಸ್‌ಪಿ32ಕ್ಕೆ ಅದರ ತಯಾರಕರೇ 500 ಮಿಲಿಆಂಪ್ ಕೊಡಬಲ್ಲ ಸಪ್ಲೈ ಇರಲಿ ಎನ್ನುತ್ತಾರೆ. ಹಾಗಾಗಿ 5 ವೋಲ್ಟಿನ ಸಾಲನ್ನು 1 ಆಂಪಿಗೆ ವಿನ್ಯಾಸ ಮಾಡೋಣ.

24 ವೋಲ್ಟಿನ ಮೇಲೆ ನಾಲ್ಕು ರಿಲೇ, ತಲಾ 15 ಮಿಲಿಆಂಪ್. ಇವೇ ರಿಲೇಗಳನ್ನು 5 ವೋಲ್ಟಿನ ಕಾಯಿಲ್‌ನಲ್ಲಿ ತಂದರೆ ತಲಾ 70 ಮಿಲಿಆಂಪಿನ ಸುಮಾರಿಗೆ ಬೇಕಾಗುತ್ತದೆ. ಕಾಯಿಲ್ ಕೂಡುವ ಪ್ರತಿ ಸಲ ಕಂಟ್ರೋಲರಿನ ಸಪ್ಲೈ ಅದುರುತ್ತದೆ. ಐದು ವೋಲ್ಟಿನ ರಿಲೇ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹಾಕಬೇಡಿ.

ಡ್ರೈವ್‌ನ ಟರ್ಮಿನಲ್ಲಿನಲ್ಲಿಯೇ 24 ವೋಲ್ಟ್ ಇದೆಯಲ್ಲ, ಅದನ್ನೇ ಎಳೆದುಕೊಂಡರಾಯಿತು ಎಂದು ಕೆಲವರಿಗೆ ಅನಿಸುತ್ತದೆ. ಅಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಆಂಪ್ ಮಾತ್ರ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಡ್ರೈವ್ ಸತ್ತಾಗ ನಿಮ್ಮ ಬೋರ್ಡೂ ಜೊತೆಗೇ ಸಾಯುತ್ತದೆ. ಏನಾಯಿತೆಂದು ಹೇಳಲು ಯಾರೂ ಉಳಿಯುವುದಿಲ್ಲ.

ಹಂತ 2: 7805ಕ್ಕೆ ನಮಸ್ಕಾರ ಹೇಳಿ ಕಳಿಸುವುದು

ಇಲ್ಲಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆದು 5 ವೋಲ್ಟ್ ಕೊಡುವ 7805 ಚಿಪ್ಪು ಕೈಗೆ ಸಿಗುತ್ತದೆ. ಕಾಲೇಜಿನಲ್ಲಿ ಎಲ್ಲರೂ ಮೊದಲು ಮುಟ್ಟಿದ್ದು ಅದನ್ನೇ. ಒಮ್ಮೆ ಲೆಕ್ಕ ಹಾಕಿ: 24ರಿಂದ 5ಕ್ಕೆ ಇಳಿಸಲು 19 ವೋಲ್ಟ್ ಅದರ ಮೈಮೇಲೆ ಬೀಳುತ್ತದೆ. 19 ಗುಣಿಸು 0.46 ಎಂದರೆ 8.7 ವ್ಯಾಟ್. ಇಷ್ಟು ಬಿಸಿ ಒಂದು ಬೆರಳಿನಷ್ಟಿರುವ ಚಿಪ್ಪಿನಲ್ಲಿ.

ಕಲಬುರಗಿಯಲ್ಲಿ ಮೇ ತಿಂಗಳ ಹೊರಗಿನ ಬಿಸಿಯೇ 42 ಡಿಗ್ರಿ ದಾಟುತ್ತದೆ. ತಗಡಿನ ಛಾವಣಿಯ ಕೆಳಗೆ, ಡ್ರೈವ್ ತಾನೂ ಬಿಸಿಯುಗುಳುವ ಮುಚ್ಚಿದ ಪ್ಯಾನೆಲಿನೊಳಗೆ, 60 ಡಿಗ್ರಿ ಎಂದು ಹಿಡಿದೇ ಲೆಕ್ಕ ಮಾಡಬೇಕು. ಸಿಲಿಕಾನ್ 125ಕ್ಕಿಂತ ಏರಬಾರದು ಎಂದರೆ ಉಳಿದದ್ದು 65 ಡಿಗ್ರಿ. ಅದನ್ನು 8.7ರಿಂದ ಭಾಗಿಸಿದರೆ ವ್ಯಾಟಿಗೆ 7.5 ಡಿಗ್ರಿ. ಅದರಲ್ಲಿ ಚಿಪ್ಪಿನ ಒಳಗಿನದೇ 5. ಹೀಟ್‌ಸಿಂಕಿನ ಪಾಲಿಗೆ ಉಳಿಯುವುದು 2.5. ಅಷ್ಟು ಒಳ್ಳೆಯ ಹೀಟ್‌ಸಿಂಕು ಬೋರ್ಡಿಗಿಂತ ದೊಡ್ಡದಾಗುತ್ತದೆ. ಅದರ ರೆಕ್ಕೆಗಳ ನಡುವೆ ಬೇಳೆಯ ಧೂಳು ತುಂಬಿದ ಮೇಲೆ ಅದೂ ಕೆಲಸ ಮಾಡುವುದಿಲ್ಲ.

ಅದೇ ಹೊರೆಗೆ ವೇಗವಾಗಿ ಸ್ವಿಚ್ ಮಾಡಿ ವೋಲ್ಟೇಜು ಇಳಿಸುವ, 87 ಶೇಕಡಾ ದಕ್ಷತೆಯ ಬಕ್ ಕನ್ವರ್ಟರ್ ಹಾಕಿದರೆ ಬಿಸಿಯಾಗಿ ಪೋಲಾಗುವುದು 0.35 ವ್ಯಾಟ್ ಮಾತ್ರ. ಈ ವಿಷಯ ಇಷ್ಟಕ್ಕೇ ಸಾಕು.

ಹಂತ 3: ಯಾವ ಬಕ್? ಉತ್ತರ ಟಿವಿಎಸ್ ಡಯೋಡಿನಲ್ಲಿದೆ

ನನ್ನ ಮೊದಲ ಬೋರ್ಡಿನಲ್ಲಿ ಎಲ್‌ಎಂ2596 ಇತ್ತು. 150 ಕಿಲೋಹರ್ಟ್ಸ್, 3 ಆಂಪ್, 40 ವೋಲ್ಟಿನವರೆಗೆ ಒಳಹರಿವು. 24 ವೋಲ್ಟಿಗೆ 40 ಎಂದರೆ ಧಾರಾಳವಾಯಿತಲ್ಲ ಎಂದುಕೊಂಡಿದ್ದೆ. ಬೋರ್ಡು ತೆಳ್ಳಗಿರಲಿ ಎಂದು ಒಳಹರಿವಿಗೆ ಬರೀ ಸೆರಾಮಿಕ್ ಕೆಪಾಸಿಟರ್ ಹಾಕಿದ್ದೆ. ಒಂದು ದಿನ 24 ವೋಲ್ಟ್ ಇದ್ದ ಹಾಗೆಯೇ ಹಸಿರು ಟರ್ಮಿನಲ್ ಪ್ಲಗ್ಗನ್ನು ಒತ್ತಿದೆ. ಕಡ್ಡಿ ಮುರಿದಂಥ ಸಣ್ಣ ಸದ್ದು. ಬಕ್ ಚಿಪ್ಪಿನ ಒಳಗಿನ ಸ್ವಿಚ್ಚು ಶಾರ್ಟ್ ಆಗಿ 24 ವೋಲ್ಟ್ ನೇರ 5 ವೋಲ್ಟಿನ ಸಾಲಿಗೆ ಹೋಯಿತು. ಕಂಟ್ರೋಲರ್, ಎನ್‌ಕೋಡರ್, ಆರ್‌ಎಸ್-485 ಮೂರೂ ಹೋದವು.

ಕಾರಣ ಸರಳ. ಪ್ಯಾನೆಲಿನ ತಂತಿ ಒಂದು ಇಂಡಕ್ಟರ್, ಖಾಲಿ ಸೆರಾಮಿಕ್ ಒಂದು ಕೆಪಾಸಿಟರ್, ನಡುವೆ ತಡೆಯೊಡ್ಡುವ ಪ್ರತಿರೋಧವೇ ಇಲ್ಲ. ತಟ್ಟನೆ 24 ವೋಲ್ಟ್ ಕೊಟ್ಟರೆ ಈ ಜೋಡಿ ಉಯ್ಯಾಲೆಯಂತೆ ತೂಗಿ ಸುಮಾರು ಎರಡರಷ್ಟರ, ಅಂದರೆ 48 ವೋಲ್ಟಿನ, ತನಕ ಏರುತ್ತದೆ. ಎಲ್‌ಎಂ2596 ಸಹಿಸುವ ಪರಮಾವಧಿ 45.

ವೋಲ್ಟೇಜಿನ ಹಠಾತ್ ಏರಿಕೆಯನ್ನು ಹಿಡಿದು ನಿಲ್ಲಿಸುವ ಟಿವಿಎಸ್ ಡಯೋಡು ಹಾಕಿದ್ದರೆ ಉಳಿಯುತ್ತಿತ್ತೇ? ಅದನ್ನೂ ನೋಡೋಣ. ಎಸ್‌ಎಂಪಿಎಸ್‌ನ ತಿರುಪನ್ನು ಯಾರಾದರೂ ತಿರುಗಿಸಿ 28 ವೋಲ್ಟ್ ಮಾಡಿದರೂ ಟಿವಿಎಸ್ ಸುಮ್ಮನಿರಬೇಕು, ಹಾಗಾಗಿ ಎಸ್‌ಎಂಬಿಜೆ28ಎ ಬೇಕು. ಅದರ ದತ್ತಾಂಶ ಪತ್ರ ತೆರೆದರೆ, ಪೂರ್ಣ ಸರ್ಜ್ ಕರೆಂಟಿನಲ್ಲಿ ಅದು ಹಿಡಿದು ನಿಲ್ಲಿಸುವ ವೋಲ್ಟೇಜು 45.4. ಕಾವಲುಗಾರ ಕಣ್ಣು ಬಿಡುವ ಹೊತ್ತಿಗೆ ಕಳ್ಳ ಮನೆಯೊಳಗೆ. ಟಿವಿಎಸ್‌ನ ಹೆಸರಿನಲ್ಲಿರುವ ಸಂಖ್ಯೆಗಿಂತ ಅದರ ಹಿಡಿತದ ವೋಲ್ಟೇಜನ್ನು ನೋಡಿ ಬಕ್ ಚಿಪ್ಪನ್ನು ಆರಿಸಬೇಕು. 24 ವೋಲ್ಟಿನ ಕೈಗಾರಿಕಾ ಸಾಲಿಗೆ 60 ವೋಲ್ಟ್ ತಡೆಯುವ ಚಿಪ್ಪೇ ಕನಿಷ್ಠ. ಎಲ್‌ಎಂಆರ್36015 (1.5 ಆಂಪ್), ಟಿಪಿಎಸ್54360 (3.5 ಆಂಪ್), 100 ವೋಲ್ಟಿನ ಎಲ್‌ಎಂ5164 (1 ಆಂಪ್) ಇವೆಲ್ಲ ಆಗುತ್ತವೆ. ಹಳೆಯ ಕಾಲದ್ದೇ ಬೇಕೆಂದರೆ ಎಲ್‌ಎಂ2576ಎಚ್‌ವಿ 60 ವೋಲ್ಟ್ ತಡೆಯುತ್ತದೆ, ಆದರೆ 52 ಕಿಲೋಹರ್ಟ್ಸಿನದಾದ್ದರಿಂದ ಇಂಡಕ್ಟರ್ ದಪ್ಪ.

ಇವು ಕಲಬುರಗಿಯ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಹೈದರಾಬಾದಿನ ಕೋಠಿಗೆ ಹೋಗಿ ಬರುವುದು ಬೆಂಗಳೂರಿಗೆ ಹೋಗುವುದಕ್ಕಿಂತ ಹತ್ತಿರ, ಆದರೆ ಅಲ್ಲಿಯೂ ಚಿಪ್ಪಿನ ಅಸಲಿತನ ಕೇಳಬೇಕು. ನಾನು ಈಗ ಅಧಿಕೃತ ವಿತರಕರಿಂದ ಕೊರಿಯರಿನಲ್ಲಿ ತರಿಸುತ್ತೇನೆ. ಎಲ್‌ಎಂ2596 ಎಂದು ಮುದ್ರಿಸಿದ ಅಗ್ಗದ ನೀಲಿ ಮಾಡ್ಯೂಲುಗಳಲ್ಲಿ ಎಷ್ಟೋ ಸಲ ಬೇರೆಯೇ ಚಿಪ್ಪು ಕೂತಿರುತ್ತದೆ. ಆಸಿಲೋಸ್ಕೋಪಿನಲ್ಲಿ 150ರ ಬದಲು 50 ಕಿಲೋಹರ್ಟ್ಸ್ ಕಂಡರೆ ಗುಟ್ಟು ಬಯಲು.

ಹಂತ 4: ಬಾಗಿಲಿನ ವ್ಯವಸ್ಥೆ

24 ವೋಲ್ಟ್ ಒಳಗೆ ಬರುವ ದಾರಿಯಲ್ಲಿ ಯಾರು ಯಾರ ಹಿಂದೆ ನಿಲ್ಲಬೇಕೆಂಬ ಸರದಿ ಮುಖ್ಯ. ಟರ್ಮಿನಲ್, ಫ್ಯೂಸ್, ಟಿವಿಎಸ್. ಅಲ್ಲಿಂದ ದಾರಿ ಎರಡಾಗುತ್ತದೆ: ಒಂದು ಡಯೋಡಿನ ಮೂಲಕ ರಿಲೇಗಳಿಗೆ, ಇನ್ನೊಂದು ಬೇರೆ ಡಯೋಡಿನ ಮೂಲಕ ಲಾಜಿಕ್ ಭಾಗಕ್ಕೆ. ಲಾಜಿಕ್ ದಾರಿಯಲ್ಲಿ ಡಯೋಡು ದಾಟಿದ ಮೇಲೆ 2.2 ಓಮಿನ 2 ವ್ಯಾಟ್ ತಂತಿಸುತ್ತಿದ ರೆಸಿಸ್ಟರ್, ಆಮೇಲೆ ದೊಡ್ಡ ಕೆಪಾಸಿಟರ್, ಆಮೇಲೆ 10 ಮೈಕ್ರೋಹೆನ್ರಿ ಇಂಡಕ್ಟರ್, ಆಮೇಲೆ ಬಕ್.

ಫ್ಯೂಸ್ 1 ಆಂಪಿನ ನಿಧಾನ ಬಗೆಯದು. ಪೂರ್ಣ ಹೊರೆಯಲ್ಲಿ ಬಕ್ 240 ಮಿಲಿಆಂಪ್ ಎಳೆಯುತ್ತದೆ, ರಿಲೇಗಳ 60 ಸೇರಿ 300. ತಾನೇ ಸರಿಹೋಗುವ ಪಾಲಿಮರ್ ಫ್ಯೂಸ್ ಹಾಕುವ ಆಸೆಯಾಗುತ್ತದೆ. ಆದರೆ ಅದು ಬಿಸಿಯಿಂದಲೇ ಕೆಲಸ ಮಾಡುವ ಸಾಮಾನು. ಅದರ ಮೇಲಿನ ಅಂಕಿ 25 ಡಿಗ್ರಿಯ ಸುಮಾರಿನದು, 60 ಡಿಗ್ರಿಯಲ್ಲಿ ಆ ಸಾಮರ್ಥ್ಯದ ಮೂರನೇ ಒಂದು ಪಾಲಾದರೂ ಇಳಿದಿರುತ್ತದೆ. ಡಿಸೆಂಬರಿನಲ್ಲಿ ಪರೀಕ್ಷೆ ಪಾಸಾದ ಬೋರ್ಡು ಮೇ ತಿಂಗಳ ಮಧ್ಯಾಹ್ನ ಮಲಗುತ್ತದೆ, ಸಂಜೆ ತಂಪಾದ ಮೇಲೆ ತಾನೇ ಏಳುತ್ತದೆ. ಅಂಥ ದೋಷ ಹುಡುಕುವ ಕಷ್ಟ ಶತ್ರುವಿಗೂ ಬೇಡ.

ತಲೆಕೆಳಗಾದ ಸಂಪರ್ಕದ ರಕ್ಷಣೆಗೆ ಈಗ ಎಲ್ಲರೂ ಪಿ-ಚಾನೆಲ್ ಮಾಸ್‌ಫೆಟ್ ಹೇಳುತ್ತಾರೆ, ಅದರಲ್ಲಿ ನಷ್ಟ ಕಡಿಮೆ ಎಂದು. ಇಲ್ಲಿ ನಾನು ಹಳೆಯ ಷಾಟ್ಕಿ ಡಯೋಡಿನ ಪರ. 240 ಮಿಲಿಆಂಪಿಗೆ ಅರ್ಧ ವೋಲ್ಟ್ ಕಳೆದರೂ ನಷ್ಟ 0.12 ವ್ಯಾಟ್, ಯಾರಿಗೂ ಲೆಕ್ಕಕ್ಕಿಲ್ಲ. ಬದಲಿಗೆ ಡಯೋಡು ಮಾಸ್‌ಫೆಟ್ ಮಾಡದ ಒಂದು ಕೆಲಸ ಮಾಡುತ್ತದೆ: 24 ವೋಲ್ಟ್ ಕುಸಿದಾಗ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯನ್ನು ಹಿಂದಕ್ಕೆ ಹರಿಯಗೊಡುವುದಿಲ್ಲ. ಒಮ್ಮೆ ತೆರೆದ ಮಾಸ್‌ಫೆಟ್ ಎರಡೂ ದಿಕ್ಕಿಗೆ ಬಾಗಿಲು. ನೀವು ಕೂಡಿಟ್ಟದ್ದನ್ನು ಪ್ಯಾನೆಲಿನ ಉಳಿದ ದೀಪ, ಕಾಂಟ್ಯಾಕ್ಟರುಗಳು ತಿಂದುಬಿಡುತ್ತವೆ. 60 ವೋಲ್ಟ್, 3 ಆಂಪಿನ ಎಸ್‌ಎಸ್36 ಸಾಕು.

ರಿಲೇಗಳಿಗೆ ಬೇರೆ ಡಯೋಡು ಏಕೆ? ರಿಲೇಗಳನ್ನು ಲಾಜಿಕ್‌ನ ಡಯೋಡಿನ ಹಿಂದೆಯೇ ಕಟ್ಟಿದರೆ ಕರೆಂಟು ಹೋದಾಗ ಕೆಪಾಸಿಟರಿನ ಶಕ್ತಿಯಲ್ಲಿ ಕಾಯಿಲ್‌ಗಳು ಕೂಡಿಕೊಂಡೇ ಇರುತ್ತವೆ. ಬಿಡಬೇಕಾದದ್ದೇ ಕೊನೆಯವರೆಗೆ ಹಿಡಿದುಕೊಂಡಂತಾಯಿತು. ಡಯೋಡೇ ಇಲ್ಲದೆ ಕಟ್ಟಿದರೆ, ತಂತಿ ತಲೆಕೆಳಗಾದಾಗ ರಿಲೇಯ ಕಾಯಿಲ್‌ಗೆ ಅಡ್ಡ ಇರುವ ಫ್ರೀವೀಲ್ ಡಯೋಡು ಮತ್ತು ರಿಲೇ ಚಾಲಕ ಚಿಪ್ಪು ಯುಎಲ್‌ಎನ್2003ರ ಒಳದಾರಿ ಸೇರಿ ನೇರ ಶಾರ್ಟ್.

2.2 ಓಮ್ ರೆಸಿಸ್ಟರಿನದು ಬಡವರ ಕೆಲಸ, ಆದರೆ ಮೂರು ಕೆಲಸ ಮಾಡುತ್ತದೆ. ಖಾಲಿ ಕೆಪಾಸಿಟರಿಗೆ ನುಗ್ಗುವ ಕರೆಂಟನ್ನು 11 ಆಂಪಿಗೆ ಕಟ್ಟಿಹಾಕುತ್ತದೆ, ಮೇಲೆ ಹೇಳಿದ ಉಯ್ಯಾಲೆಯನ್ನು ನಿಲ್ಲಿಸುತ್ತದೆ, ಟಿವಿಎಸ್ ದಾಟಿ ಬಂದ ಸರ್ಜನ್ನು ಮೆತ್ತಗೆ ಮಾಡುತ್ತದೆ. ಇದಕ್ಕೆ ತೆಳುವಾದ ಎಸ್‌ಎಂಡಿ ರೆಸಿಸ್ಟರ್ ಬೇಡ. ಪ್ರತಿ ಸಲ ಕರೆಂಟು ಬಂದಾಗ ಬೀಳುವ ಹೊಡೆತಕ್ಕೆ ಅದು ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ.

ಹಂತ 5: ದೊಡ್ಡ ಕೆಪಾಸಿಟರ್, ಈ ಬೋರ್ಡಿನ ಜೀವ

ಡ್ರೈವ್ ಇಲ್ಲದ ಬೇರೊಂದು ಮೋಟಾರ್ ನೇರ ಸ್ಟಾರ್ಟ್ ಆದಾಗ ಮಿಲ್ಲಿನ ವೋಲ್ಟೇಜು ಕುಗ್ಗುತ್ತದೆ. ಪೂರ್ತಿ ಹೊರೆಯ ಎಸ್‌ಎಂಪಿಎಸ್ ಒಂದೆರಡು ಆವೃತ್ತಿ ತಡೆದು ಆಮೇಲೆ ಕೈಬಿಡುತ್ತದೆ. ಒಂದು ಆವೃತ್ತಿ ಎಂದರೆ 20 ಮಿಲಿಸೆಕೆಂಡು. ಕೈಬಿಟ್ಟ ಮೇಲೆ ನಮಗೆ ಬೇಕಾದ ಸಮಯವೆಷ್ಟು? ಕಂಟ್ರೋಲರ್ ಕುಸಿತವನ್ನು ಗಮನಿಸಿ, ರನ್ ಆದೇಶ ಹಿಂತೆಗೆದು, ರಿಲೇ ನಿಜವಾಗಿ ಬಿಡುವವರೆಗೆ ಕಾದು, ಕಾರಣವನ್ನು ಮೆಮೊರಿಯಲ್ಲಿ ಬರೆಯಲು 20 ಮಿಲಿಸೆಕೆಂಡು ಸಾಕು. ರಿಲೇ ಬಿಡುವುದಕ್ಕೇ 5ರಿಂದ 10 ಹೋಗುತ್ತದೆ.

ಲೆಕ್ಕ ಹೀಗೆ. 18 ವೋಲ್ಟಿಗೆ ಇಳಿದಾಗ ಎಚ್ಚರಿಕೆ, 7 ವೋಲ್ಟಿಗಿಂತ ಕೆಳಗೆ ಬಕ್‌ಗೆ 5 ವೋಲ್ಟ್ ಕೊಡಲಾಗದು. ಕೆಪಾಸಿಟರಿನಿಂದ ಸಿಗುವ ಶಕ್ತಿ ಎಂದರೆ ಧಾರಕತ್ವದ ಅರ್ಧವನ್ನು ಎರಡು ವೋಲ್ಟೇಜುಗಳ ವರ್ಗಗಳ ವ್ಯತ್ಯಾಸದಿಂದ ಗುಣಿಸಿದ್ದು: 324ರಿಂದ 49 ಕಳೆದು ಅರ್ಧ ಮಾಡಿದರೆ 137.5. ನಮ್ಮ ನಿಜ ಹೊರೆ ಒಳಹರಿವಿನಲ್ಲಿ 3 ವ್ಯಾಟ್. 20 ಮಿಲಿಸೆಕೆಂಡಿಗೆ 0.06 ಜೌಲ್. ಭಾಗಿಸಿದರೆ 436 ಮೈಕ್ರೋಫ್ಯಾರಡ್. ಅಂಗಡಿಯ 470 ಸಾಕು ಎನಿಸುತ್ತದೆ, ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ 20 ಶೇಕಡಾ ಕಡಿಮೆ ಇರುವುದು ಮಾಮೂಲು. ಆಗ 17 ಮಿಲಿಸೆಕೆಂಡಿಗೆ ಇಳಿಯಿತು. 680 ಮೈಕ್ರೋಫ್ಯಾರಡ್ ಹಾಕಿ. ಕಳಪೆಯದೇ ಸಿಕ್ಕಿದರೂ 25 ಮಿಲಿಸೆಕೆಂಡು ಉಳಿಯುತ್ತದೆ. ವೋಲ್ಟೇಜು 63. ಮುಂದೆ ವೈಫೈ ಸೇರಿಸುವ ದಿನ 3 ವ್ಯಾಟಿನ ಜಾಗದಲ್ಲಿ ಹೊಸ ಅಂಕಿ ಇಟ್ಟು ಈ ಲೆಕ್ಕ ಮತ್ತೆ ಮಾಡಲೇಬೇಕು.

ಇನ್ನು ಬಿಸಿ. ಎಲೆಕ್ಟ್ರೋಲಿಟಿಕ್‌ನ ಆಯಸ್ಸು ಪ್ರತಿ 10 ಡಿಗ್ರಿ ಇಳಿಕೆಗೆ ಎರಡರಷ್ಟಾಗುತ್ತದೆ ಎಂಬುದು ಈ ಕಸುಬಿನ ರೂಢಿಯ ಲೆಕ್ಕ. 105 ಡಿಗ್ರಿ, 2000 ಗಂಟೆ ಎಂದು ಬರೆದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. 85 ಡಿಗ್ರಿಯದು ಅದೇ ಜಾಗದಲ್ಲಿ 8,000 ಗಂಟೆ. ಬಕ್ ಪಕ್ಕದಲ್ಲಿ, ಡ್ರೈವ್‌ನ ಫ್ಯಾನಿನ ಬಿಸಿಗಾಳಿಗೆ ಎದುರಾಗಿ 75 ಡಿಗ್ರಿಯಲ್ಲಿ ಕೂತರೆ 4,000. ದಿನಕ್ಕೆ 16 ಗಂಟೆ ಓಡುವ ಮಿಲ್ಲಿನಲ್ಲಿ ಅದು 250 ದಿನ. ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರಿನಲ್ಲಿ ಹಾಕಿದ ಬೋರ್ಡು ಮುಂದಿನ ರಾಶಿಯವರೆಗೆ ಉಳಿಯುವುದಿಲ್ಲ. ಎರಡರ ಬೆಲೆಯಲ್ಲಿ ವ್ಯತ್ಯಾಸ ಕೆಲವೇ ರೂಪಾಯಿ.

ಹಂತ 6: ಬಕ್ ಭಾಗದ ಅಂಕಿಗಳು

400 ಕಿಲೋಹರ್ಟ್ಸ್ ಎಂದು ಹಿಡಿಯೋಣ. ಇಂಡಕ್ಟರಿನ ಕರೆಂಟು 0.3 ಆಂಪ್ ಏರಿಳಿಯಲಿ. 5 ವೋಲ್ಟನ್ನು 24ರಿಂದ ಭಾಗಿಸಿದರೆ ಡ್ಯೂಟಿ, ಅಂದರೆ ಸ್ವಿಚ್ಚು ಕೂಡಿರುವ ಕಾಲದ ಪಾಲು, 0.21. 5ನ್ನು ಉಳಿದ 0.79ರಿಂದ ಗುಣಿಸಿ, ಆವರ್ತನ ಮತ್ತು 0.3ರ ಗುಣಲಬ್ಧದಿಂದ ಭಾಗಿಸಿದರೆ 33 ಮೈಕ್ರೋಹೆನ್ರಿ ಬರುತ್ತದೆ. ಅಂಗಡಿಯ ಮೌಲ್ಯವೇ ಸಿಕ್ಕಿತು, ಇಂಥ ಅದೃಷ್ಟ ಅಪರೂಪ. ಇಂಡಕ್ಟರ್ ತನ್ನ ಗುಣ ಕಳೆದುಕೊಳ್ಳುವ ಸ್ಯಾಚುರೇಶನ್ ಕರೆಂಟು ಚಿಪ್ಪಿನ ಕರೆಂಟ್ ಮಿತಿಗಿಂತ ಮೇಲಿರಲಿ. ಸಾಧಾರಣ ಹೊರೆಯನ್ನು ನೋಡಿ ಸಣ್ಣ ಇಂಡಕ್ಟರ್ ಹಾಕಿದರೆ, ಹೊರಗೆ ಶಾರ್ಟ್ ಆದ ದಿನ ಅದು ಬರೀ ತಂತಿಯಾಗಿಬಿಡುತ್ತದೆ.

ಹೊರಹರಿವಿಗೆ ಎರಡು 22 ಮೈಕ್ರೋಫ್ಯಾರಡ್ ಎಕ್ಸ್7ಆರ್ ಸೆರಾಮಿಕ್, 16 ಅಥವಾ 25 ವೋಲ್ಟಿನವು, 1210 ಗಾತ್ರ. 10 ವೋಲ್ಟಿನ ಚಿಕ್ಕ ಗಾತ್ರದವಕ್ಕೆ 5 ವೋಲ್ಟ್ ಕೊಟ್ಟಾಗ ಅರ್ಧದಷ್ಟು ಧಾರಕತ್ವವೇ ಮಾಯವಾಗಬಹುದು. ಒಳಹರಿವಿಗೆ ಎರಡು 4.7 ಮೈಕ್ರೋಫ್ಯಾರಡ್, 100 ವೋಲ್ಟಿನವು. ಅವುಗಳ ಪಕ್ಕಕ್ಕೇ ಒಂದು 47 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್. ಇದು ಶಕ್ತಿ ಕೂಡಿಡಲು ಬಂದದ್ದಲ್ಲ, ಅದರ ಒಳಗಿನ ಅರ್ಧ-ಒಂದು ಓಮ್ ಪ್ರತಿರೋಧ ನಮಗೆ ಬೇಕು. ಬಕ್ ವಿಚಿತ್ರ ಹೊರೆ: ವೋಲ್ಟೇಜು ಇಳಿದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ. ಮುಂದಿರುವ 10 ಮೈಕ್ರೋಹೆನ್ರಿ ಫಿಲ್ಟರಿನ ಜೊತೆ ಸೇರಿ ತಾನೇ ತೂಗಾಡತೊಡಗಬಹುದು. 47ರ ಆ ಸೋಮಾರಿ ಪ್ರತಿರೋಧ ಅದನ್ನು ಅಡಗಿಸುತ್ತದೆ.

5 ವೋಲ್ಟಿನ ಸಾಲಿಗೆ ಎಸ್‌ಎಂಬಿಜೆ5.0ಎ ಒಂದನ್ನು ಅಡ್ಡ ಹಾಕಿ. ಬಕ್ ಶಾರ್ಟ್ ಆದರೆ ಅದು ತಾನು ಸತ್ತು ಫ್ಯೂಸನ್ನು ಸುಡುತ್ತದೆ. ಕಂಟ್ರೋಲರ್ ಉಳಿಯುತ್ತದೆಂಬ ಖಾತರಿ ಇಲ್ಲ, ಆದರೆ ನೂರು ಮೀಟರ್ ಆಚೆಯ ಎನ್‌ಕೋಡರ್ ಉಳಿದರೂ ಲಾಭವೇ.

3.3 ವೋಲ್ಟಿಗೆ ಲೀನಿಯರ್ ಸಾಕು: 1.7 ವೋಲ್ಟ್ ಗುಣಿಸು 0.15, ಕಾಲು ವ್ಯಾಟ್. ಎಎಂಎಸ್1117 ಹಾಕುವವರು ಅದಕ್ಕೆ 22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಕೊಡಬೇಕು, ಬರೀ ಸೆರಾಮಿಕ್ ಕೊಟ್ಟರೆ ಕೆಲವು ಸಲ ಕಂಪಿಸುತ್ತದೆ. ಎಪಿ2112ಕೆ ಸೆರಾಮಿಕ್‌ನೊಂದಿಗೆ ಸುಖವಾಗಿರುತ್ತದೆ, ಆದರೆ 6 ವೋಲ್ಟಿನ ಮೇಲೆ ತಾಳದು. ನಾನು ಎರಡನೆಯದನ್ನು ಬಳಸುತ್ತೇನೆ.

ಹಂತ 7: ಹುಟ್ಟುವಾಗ ಮತ್ತು ಸಾಯುವಾಗ

ಮತ್ತೆ ಆ ಟಕ್ ಸದ್ದಿಗೆ ಬರೋಣ. ಕಂಟ್ರೋಲರ್ ಎಚ್ಚರಗೊಳ್ಳುವ ಮೊದಲು ಅದರ ಕಾಲುಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ನನ್ನ ಬೋರ್ಡಿನಲ್ಲಿ ರಿಲೇ ಚಾಲಕದ ಒಳಹರಿವನ್ನು ನೆಲಕ್ಕೆ ಎಳೆಯುವ ರೆಸಿಸ್ಟರ್ ಇರಲಿಲ್ಲ. ಒಂದು 10 ಕಿಲೋಓಮ್. ಅದರ ಬೆಲೆ ಹೇಳಲು ನಾಚಿಕೆಯಾಗುತ್ತದೆ.

ಅದಷ್ಟೇ ಸಾಲದು. 3.3 ವೋಲ್ಟಿನ ಮೇಲೆ ಕಣ್ಣಿಡುವ ಕಾವಲು ಚಿಪ್ಪು ಹಾಕಿ. ಮ್ಯಾಕ್ಸ್809ಎಸ್ 2.93 ವೋಲ್ಟಿಗಿಂತ ಇಳಿದ ಕೂಡಲೇ ಕಂಟ್ರೋಲರನ್ನು ರಿಸೆಟ್‌ನಲ್ಲಿ ಹಿಡಿಯುತ್ತದೆ, ಮೇಲೆ ಬಂದ ಮೇಲೂ ಕನಿಷ್ಠ 140 ಮಿಲಿಸೆಕೆಂಡು ಬಿಡುವುದಿಲ್ಲ. ಅದೇ ರಿಸೆಟ್ ಸಂಕೇತವನ್ನು ಒಂದು ಆಂಡ್ ಗೇಟಿನ ಮೂಲಕ ರನ್ ರಿಲೇಗೂ ಕಟ್ಟಿ. ಕಂಟ್ರೋಲರಿಗೆ ಪ್ರಜ್ಞೆ ಇಲ್ಲದಿರುವಾಗ ರನ್ ಆದೇಶಕ್ಕೆ ದಾರಿಯೇ ಇರಬಾರದು.

24 ವೋಲ್ಟನ್ನು ಅಳೆಯಲು 100 ಕಿಲೋಓಮ್ ಮತ್ತು 10 ಕಿಲೋಓಮ್ ವಿಭಾಜಕ. 24ಕ್ಕೆ 2.18 ವೋಲ್ಟ್, 18ಕ್ಕೆ 1.64, 36 ಬಂದರೂ 3.27. ಇದನ್ನು ಡಯೋಡಿನ ಮುಂದೆ, ಅಂದರೆ ಹೊರಗಿನ ಕಡೆ, ಕಟ್ಟಿ. ಹಿಂದೆ ಕಟ್ಟಿದರೆ ಕೆಪಾಸಿಟರ್ ಎತ್ತಿಹಿಡಿದ ವೋಲ್ಟೇಜನ್ನೇ ನೋಡುತ್ತಾ ಕಂಟ್ರೋಲರ್ ಎಲ್ಲ ಕ್ಷೇಮ ಎಂದುಕೊಂಡಿರುತ್ತದೆ.

ಪ್ರೋಗ್ರಾಮಿನಲ್ಲಿ: ಕರೆಂಟು ಬಂದ ಮೇಲೆ ಹಳೆಯ ರನ್ ಸ್ಥಿತಿಯನ್ನು ಎಂದಿಗೂ ಮರಳಿ ತರಬೇಡಿ, ಯಾರಾದರೂ ಸ್ಟಾರ್ಟ್ ಗುಂಡಿಯನ್ನು ಹೊಸದಾಗಿ ಒತ್ತಬೇಕು. ಡ್ರೈವ್‌ನ ಪ್ಯಾರಾಮೀಟರುಗಳಲ್ಲಿ ಕರೆಂಟು ಬಂದಾಗ ತಾನೇ ಶುರುವಾಗುವ ಆಯ್ಕೆ ಇದ್ದರೆ ಅದನ್ನೂ ಮುಚ್ಚಿ. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಬೋರ್ಡು ಸುರಕ್ಷತಾ ಸಾಧನವಲ್ಲ. ತುರ್ತು ನಿಲುಗಡೆಯ ಗುಂಡಿ ಬೋರ್ಡಿನ ಮೂಲಕ ಹಾಯದೆ ನೇರ ತಂತಿಯಲ್ಲಿ ಡ್ರೈವ್‌ಗೆ ಅಥವಾ ಕಾಂಟ್ಯಾಕ್ಟರಿಗೆ ಹೋಗಬೇಕು. ಎಲಿವೇಟರಿನ ಬುಡಕ್ಕೆ ಕೈ ಹಾಕುವ ಮೊದಲು ಐಸೋಲೇಟರಿಗೆ ಬೀಗ ಬೀಳಬೇಕು. ಅದನ್ನು ಯಾವ ಕೆಪಾಸಿಟರೂ ಮಾಡಿಕೊಡುವುದಿಲ್ಲ.

ಹಂತ 8: ಡ್ರೈವ್‌ನ ಗಲಾಟೆಯಿಂದ ದೂರ

415 ವೋಲ್ಟಿನ ಡ್ರೈವ್‌ನೊಳಗೆ 587 ವೋಲ್ಟಿನ ಡಿಸಿ ಇರುತ್ತದೆ. ಅದನ್ನು ಸೆಕೆಂಡಿಗೆ ಸಾವಿರಾರು ಸಲ, ಪ್ರತಿ ಸಲ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಮೋಟಾರಿನ ಕೇಬಲ್ಲಿಗೆ ಹಚ್ಚಿ ತೆಗೆಯುತ್ತಾರೆ. ಆ ಹೊಡೆತ ಅರ್ತ್ ತಂತಿಯಲ್ಲಿ, ಶೀಲ್ಡಿನಲ್ಲಿ, ಸಿಕ್ಕಿದ ದಾರಿಯಲ್ಲೆಲ್ಲ ಹರಿಯುತ್ತದೆ. ನಿಮ್ಮ 0 ವೋಲ್ಟ್ ಅದರ ದಾರಿಯಾಗಬಾರದು.

ರನ್, ರಿಸೆಟ್‌ಗಳು ರಿಲೇಯ ಸಂಪರ್ಕಗಳಾದ್ದರಿಂದ ತಾವೇ ಪ್ರತ್ಯೇಕ. ಅನಲಾಗ್ 0-10 ವೋಲ್ಟಿಗೆ ಪ್ರತ್ಯೇಕಿತ 15 ವೋಲ್ಟ್ ಬೇಕು: ಬಿ0515ಎಸ್ ಬಗೆಯ 1 ವ್ಯಾಟ್ ಮಾಡ್ಯೂಲ್ ಆಗುತ್ತದೆ. ಇವು ನಿಯಂತ್ರಣವಿಲ್ಲದವು, ಹೊರೆ ಇಲ್ಲದಿದ್ದರೆ ವೋಲ್ಟೇಜು ಮೇಲೇರುತ್ತದೆ. ಹತ್ತು ಶೇಕಡಾ ಹೊರೆಯಾದರೂ ಇರಲೆಂದು 2.2 ಕಿಲೋಓಮ್ ಒಂದನ್ನು ಅಡ್ಡ ಹಾಕಿ, 6.8 ಮಿಲಿಆಂಪ್ ಎಳೆಯುತ್ತದೆ. ಮಾಡ್ಯೂಲಿನ ಮೇಲೆ 1000 ಅಥವಾ 1500 ವೋಲ್ಟ್ ಎಂದಿರುವುದು ಪರೀಕ್ಷೆಯ ಅಂಕಿ, ಅದನ್ನು ನಂಬಿ ಮೇನ್ಸ್ ಬದಿಗೆ ಕೈ ಇಡಬೇಡಿ. ನಿಜ ಹೇಳಬೇಕೆಂದರೆ ವೇಗವನ್ನು ಆರ್‌ಎಸ್-485ರಲ್ಲಿಯೇ ಹೇಳಬಹುದಾದ ಡ್ರೈವ್ ಇದ್ದರೆ ಈ ಅನಲಾಗ್ ಭಾಗವನ್ನೇ ಬಿಟ್ಟುಬಿಡಿ. ಹಳೆಯ ಡ್ರೈವ್‌ಗಳಿಗಾಗಿ ಮಾತ್ರ ನಾನು ಇದನ್ನು ಉಳಿಸಿಕೊಂಡಿದ್ದೇನೆ.

ಬೋರ್ಡಿನ ಮೇಲೆ ಜಾಗ್ರತೆ ಬೇಕಾದ ಜಾಗ ಒಂದೇ: ಬಕ್ ಚಿಪ್ಪು, ಅದರ ಒಳಹರಿವಿನ ಸೆರಾಮಿಕ್, ನೆಲ, ಇವು ಮಾಡುವ ಸುತ್ತು. ಇದು ನಿಮ್ಮ ಕಿರುಬೆರಳಿನ ಉಗುರಿನೊಳಗೆ ಹಿಡಿಯುವಷ್ಟಿರಲಿ. ಕೆಳಪದರದಲ್ಲಿ ಆ ಜಾಗದ ಅಡಿಗೆ ನೆಲದ ತಾಮ್ರ ತುಂಡಾಗದಿರಲಿ. ಫೀಡ್‌ಬ್ಯಾಕ್ ಗೆರೆ ಇಂಡಕ್ಟರಿನ ಹತ್ತಿರ ಸುಳಿಯದಿರಲಿ. ಬೋರ್ಡು ಪರೀಕ್ಷೆ ಮುಗಿದ ಮೇಲೆ ಲೇಪನ ಹಚ್ಚಿ. ತೊಗರಿ ಹೊಟ್ಟಿನ ಧೂಳು ಬೇಸಗೆಯಲ್ಲಿ ನಿರುಪದ್ರವಿ, ಮಳೆಗಾಲದಲ್ಲಿ ತೇವ ಹೀರಿ ಕಾಲುಗಳ ನಡುವೆ ಸೇತುವೆ ಕಟ್ಟುತ್ತದೆ.

ಹಂತ 9: ಮಿಲ್ಲಿಗೆ ಹೋಗುವ ಮೊದಲು

ನನ್ನ ಪರೀಕ್ಷಾ ಮೇಜು ಒಂದು ಶಹಾಬಾದ್ ಕಲ್ಲಿನ ಹಾಸು. ಸುಡುವುದಿಲ್ಲ, ಕರೆಂಟು ಹರಿಸುವುದಿಲ್ಲ, ಬಿದ್ದ ಸೋಲ್ಡರ್ ಉಗುರಿನಿಂದ ಏಳುತ್ತದೆ.

ಮೊದಲು ಕಂಟ್ರೋಲರ್ ಇಲ್ಲದೆ ಬರೀ ಸಪ್ಲೈ ಭಾಗ. ಬೆಂಚ್ ಸಪ್ಲೈಯ ಕರೆಂಟ್ ಮಿತಿ 50 ಮಿಲಿಆಂಪ್, ವೋಲ್ಟೇಜನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ. 5 ವೋಲ್ಟ್ ನಿಂತ ಮೇಲೆ ಮಿತಿಯನ್ನು ಏರಿಸಿ, 10 ಓಮ್ 5 ವ್ಯಾಟಿನ ರೆಸಿಸ್ಟರನ್ನು ಅಡ್ಡ ಕೊಡಿ: ಅರ್ಧ ಆಂಪ್. ಎರಡನ್ನು ಸೇರಿಸಿದರೆ ಒಂದು ಆಂಪ್. ತರಂಗ ನೋಡುವಾಗ ಪ್ರೋಬಿನ ಉದ್ದ ನೆಲದ ತಂತಿ ತೆಗೆದುಹಾಕಿ, ಸಣ್ಣ ಸ್ಪ್ರಿಂಗ್ ಬಳಸಿ. ಇಲ್ಲದಿದ್ದರೆ ನೀವು ಅಳೆಯುವುದು ಆ ತಂತಿಯನ್ನೇ.

ಆಮೇಲೆ ಬಿಸಿ. ರಟ್ಟಿನ ಪೆಟ್ಟಿಗೆ, ಒಳಗೆ 60 ವ್ಯಾಟಿನ ಹಳೆಯ ಬಲ್ಬು, ಥರ್ಮಾಮೀಟರ್, ಪೂರ್ಣ ಹೊರೆಯಲ್ಲಿ ಬೋರ್ಡು. ಒಳಗೆ 60 ಡಿಗ್ರಿ ನಿಲ್ಲುವಂತೆ ಮುಚ್ಚಳವನ್ನು ಸರಿಹೊಂದಿಸಿ ನಾಲ್ಕು ಗಂಟೆ ಬಿಡಿ. ಬಲ್ಬು ರಟ್ಟಿಗೆ ತಾಗದಿರಲಿ, ನೀವು ಪಕ್ಕದಲ್ಲಿಯೇ ಇರಿ.

24 ವೋಲ್ಟ್ ಇದ್ದ ಹಾಗೆಯೇ ಪ್ಲಗ್ಗನ್ನು ಐವತ್ತು ಸಲ ಎಳೆದು ಚುಚ್ಚಿ. ತಂತಿ ತಲೆಕೆಳಗೆ ಮಾಡಿ ಒಮ್ಮೆ. 28 ವೋಲ್ಟ್ ಮಾಡಿ ಒಮ್ಮೆ.

ಕೊನೆಗೆ ಮಿಲ್ಲಿನಲ್ಲಿ, ಡ್ರೈವ್ ಓಡುತ್ತಿರುವಾಗ, ಎಲಿವೇಟರ್ ಮುಚ್ಚಳ ಭದ್ರವಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ, ಆಸಿಲೋಸ್ಕೋಪಿನ ಮೂರು ಪ್ರೋಬುಗಳನ್ನು ಹಚ್ಚಿ. ಒಂದು 24 ವೋಲ್ಟಿಗೆ, ಒಂದು 5 ವೋಲ್ಟಿಗೆ, ಒಂದು ರನ್ ರಿಲೇಯ ಚಾಲಕದ ಒಳಹರಿವಿಗೆ. ಪ್ರೋಬುಗಳ ನೆಲ ಬೋರ್ಡಿನ 0 ವೋಲ್ಟಿಗೆ ಮಾತ್ರ, ಡ್ರೈವ್‌ನ ಪವರ್ ಟರ್ಮಿನಲ್ಲುಗಳ ಹತ್ತಿರ ಸುಳಿಯಬೇಡಿ. ಎಸ್‌ಎಂಪಿಎಸ್‌ನ ಎಂಸಿಬಿ ಇಳಿಸಿ. ಮೊದಲ ಗೆರೆ ಜಾರಿ 18ಕ್ಕೆ ಬಂದ ಕೂಡಲೇ ಮೂರನೆಯದು ಬೀಳಬೇಕು. ಎರಡನೆಯದು ಕದಲದೆ ಇನ್ನೂ 20 ಮಿಲಿಸೆಕೆಂಡಿಗೂ ಹೆಚ್ಚು ಕಾಲ 5 ವೋಲ್ಟಿನಲ್ಲಿ ನಿಂತಿದ್ದು, ಆಮೇಲೆ ಮಡಿಯಬೇಕು. ಈಗ ಎಂಸಿಬಿ ಏರಿಸಿ. 5 ವೋಲ್ಟ್ ಏಳುವಾಗ ಮೂರನೆಯ ಗೆರೆಯಲ್ಲಿ ಕೂದಲೆಳೆಯಷ್ಟೂ ಮುಳ್ಳು ಕಾಣಬಾರದು. ಆ ಪರದೆಯ ಫೋಟೋ ತೆಗೆದು, ದಿನಾಂಕ ಬರೆದು ಪ್ಯಾನೆಲಿನ ಬಾಗಿಲ ಒಳಗಡೆ ಅಂಟಿಸಿ. ಮುಂದಿನ ವರ್ಷ ತೊಗರಿ ಬರುವ ಮೊದಲು ಇದೇ ಪರೀಕ್ಷೆ ಮತ್ತೆ ಮಾಡಿ ಎರಡನ್ನೂ ಪಕ್ಕಪಕ್ಕ ಹಿಡಿಯಿರಿ. 20 ಎಂಬುದು 15ಕ್ಕೆ ಇಳಿದಿದ್ದರೆ 680ರ ಕೆಪಾಸಿಟರ್ ಬದಲಿಸುವ ದಿನ ಬಂದಿದೆ.